ಲೇಸರ್ ಕೀಬೋರ್ಡ್: ಒತ್ತದ ಅಕ್ಷರ ಯಾಕೆ ಬೀಳುತ್ತದೆ?

ಪ್ರಶ್ನೆ: ಸರ್, ಮೇಜಿನ ಮೇಲೆ ಬೆಳಕಿನಲ್ಲಿ ಕೀಗಳು ಮೂಡುವ ಲೇಸರ್ ಕೀಬೋರ್ಡ್ ತಗೊಂಡಿದ್ದೇನೆ. ಲ್ಯಾಪ್‌ಟಾಪ್‌ಗೆ ಬ್ಲೂಟೂತ್ ಕನೆಕ್ಟ್ ಆಗಿದೆ. ಆದರೆ ಒಂದು ಕೀ ಒತ್ತಿದರೆ ಮೂರು ಅಕ್ಷರ ಬೀಳುತ್ತವೆ, ಕೆಲವು ಸಲ ಕೈ ಇಡದಿದ್ದರೂ ಬೀಳುತ್ತವೆ. ಪೀಸೇ ಹಾಳಾಗಿದೆಯಾ?

ಉತ್ತರ: ಮೇಡಂ, ವಾಪಸ್ ಕೊಡುವ ಮುಂಚೆ ಮೇಜು ನೋಡಿ. ಮೇಲೆ ಗಾಜು ಇದೆಯಾ? ಬಟ್ಟೆ ಹಾಸಿದ್ದೀರಾ?

ಕೆಂಪು ಅಕ್ಷರಗಳು ಬರೀ ಗುರುತಿಗೆ. ಬೆರಳನ್ನು ಪತ್ತೆ ಹಚ್ಚೋದು ಬೇರೆ ಬೆಳಕು. ಅಕ್ಷರ ಮೂಡಿಸುವ ಡಬ್ಬಿಯ ಬುಡದ ಸಣ್ಣ ಕಿಂಡಿಯಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹೊರಟು, ಮೇಜಿಗೆ ತೀರಾ ಹತ್ತಿರದಲ್ಲಿ ತೆಳ್ಳಗೆ ಹರಡಿರುತ್ತದೆ. ಬೆರಳು ಅಡ್ಡ ಬಂದ ಜಾಗದಿಂದ ಆ ಬೆಳಕು ವಾಪಸ್ ಚಿಮ್ಮುತ್ತದೆ. ಮೇಲಿನ ಕ್ಯಾಮೆರಾ ಅದನ್ನು ನೋಡಿದಾಗ, ಯಾವ ಕೀ ಅಂತ ಚಿಪ್ ಲೆಕ್ಕ ಹಾಕುತ್ತದೆ. ಹಾಗಾಗಿ ಬಟ್ಟೆಯ ಒಂದು ಸುಕ್ಕು ಎದ್ದಿದ್ದರೂ ಅದಕ್ಕೆ ಬೆರಳೇ! ಗಾಜಿನಲ್ಲಿ ಬೆಳಕು ಎಲ್ಲೆಲ್ಲೋ ಪ್ರತಿಫಲಿಸುತ್ತದೆ. ಕಿಟಕಿಯ ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಕ್ಯಾಮೆರಾ ಗಲಿಬಿಲಿಯಾಗುತ್ತದೆ.

ಹೊಳಪಿಲ್ಲದ, ಸಮತಟ್ಟಾದ ಹಲಗೆ ಹುಡುಕಿ. ಡಬ್ಬಿ, ಅಕ್ಷರ ಎರಡೂ ಅದೇ ಹಲಗೆಯ ಮೇಲಿರಲಿ. ಡಬ್ಬಿಯನ್ನು ಪುಸ್ತಕದ ಮೇಲೆ ಎತ್ತಿಟ್ಟರೆ ಕೆಲಸ ಕೆಟ್ಟಿತು. ಆಫ್ ಮಾಡಿ, ಬುಡದ ಕಿಂಡಿಯನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಆನ್ ಇರುವಾಗ ಕಿಂಡಿಯೊಳಗೆ ಇಣುಕಲೇಬೇಡಿ, ಮಕ್ಕಳಿಗೂ ಹೇಳಿ.

ಪ್ರಶ್ನೆ: ಗಾಜು ಇತ್ತು ಸರ್, ತೆಗೆದೆ. ಈಗ ಸುಮ್ನೆ ಬೀಳೋದು ನಿಂತಿದೆ. ವೇಗವಾಗಿ ಹೊಡೆದರೆ ಮಾತ್ರ ಪಕ್ಕದ ಅಕ್ಷರವೂ ಬರುತ್ತದೆ.

ಉತ್ತರ: ಮಾಮೂಲಿ ಕೀಬೋರ್ಡ್ ಅಭ್ಯಾಸದಲ್ಲಿ ಉಳಿದ ಬೆರಳುಗಳನ್ನು ಕೆಳಗೆ ಊರುತ್ತಿದ್ದೀರಿ, ಅಲ್ವಾ? ಇಲ್ಲಿ ಊರಿದರೆ ಒತ್ತಿದ ಹಾಗೆ. ಬೆರಳು ನೇರವಾಗಿ ಇಳಿದು, ತಟ್ಟಿ, ತಕ್ಷಣ ಏಳಬೇಕು. ಸೆನ್ಸಿಟಿವಿಟಿ (ಬೆರಳನ್ನು ಎಷ್ಟು ಸೂಕ್ಷ್ಮವಾಗಿ ಗುರುತಿಸಬೇಕು ಅನ್ನೋ) ಆಯ್ಕೆ ಇದ್ದರೆ ಒಂದು ಹಂತ ಇಳಿಸಿ. ನನ್ನ ಪ್ರಕಾರ ಇದು ಪ್ರಯಾಣದಲ್ಲಿ ಸಣ್ಣ ಮೇಲ್ ಬರೆಯೋಕೆ ಒಳ್ಳೆಯದು. ದಿನವಿಡೀ ಟೈಪ್ ಮಾಡಿದರೆ ಗಟ್ಟಿ ಮೇಜಿಗೆ ತಟ್ಟಿ ತಟ್ಟಿ ಬೆರಳು ನೋಯುತ್ತದೆ.

ಇನ್ನೊಬ್ಬರು: ಕನ್ನಡ ಟೈಪ್ ಆಗುತ್ತದಾ?

ಉತ್ತರ: ಖಂಡಿತ. ಯಾವ ಕೀ ಅಂತ ಮಾತ್ರ ಅದು ತಿಳಿಸುತ್ತದೆ. ಅದು ಯಾವ ಅಕ್ಷರ ಆಗಬೇಕು ಅನ್ನೋದು ಕಂಪ್ಯೂಟರ್ ಸೆಟ್ಟಿಂಗ್. ವಿಂಡೋಸ್ 10ರ ಹೊಸ ಆವೃತ್ತಿಗಳಲ್ಲಿ, 11ರಲ್ಲಿ ಕನ್ನಡ ಫೋನೆಟಿಕ್ ಸೇರಿಸಿಕೊಳ್ಳಿ, ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆ ಬರೆದರೆ ಕನ್ನಡ ಮೂಡುತ್ತದೆ. ಇನ್‌ಸ್ಕ್ರಿಪ್ಟ್ ಅನ್ನೋದು ಇನ್ನೊಂದು ಕೀ ಜೋಡಣೆ, ಅದರಲ್ಲಿ ಎಚ್ ಒತ್ತಿದರೆ ಪ ಬರುತ್ತದೆ. ಮೇಜಿನ ಮೇಲೆ ಕಾಣೋದು ಇಂಗ್ಲಿಷ್ ಅಕ್ಷರ ಮಾತ್ರ, ಹಾಗಾಗಿ ಇನ್‌ಸ್ಕ್ರಿಪ್ಟ್ ಅದರ ಕೀಗಳು ಬಾಯಿಪಾಠ ಇರುವವರಿಗೇ ಸರಿ.