ಸಹಾಯ ಬೇಕು: 8 ವರ್ಷದ ಮಗಳಿಗೆ ಈ ಪುಸ್ತಕ ಓದಿ ಹೇಳಬಹುದಾ?

ಎಲ್ಲರಿಗೂ ನಮಸ್ಕಾರ. ರಾತ್ರಿ ಮಲಗುವ ಮುಂಚೆ ಮಗಳಿಗೆ ಲಾರಾ ಇಂಗಲ್ಸ್ ವೈಲ್ಡರ್ ಬರೆದ ‘ಲಿಟಲ್ ಹೌಸ್ ಆನ್ ದ ಪ್ರೇರಿ’ ಓದಿ, ಕನ್ನಡದಲ್ಲಿ ಹೇಳುತ್ತಿದ್ದೇನೆ. 1935ರ ಪುಸ್ತಕ. ಲಾರಾಳ ಅಪ್ಪ ದಿಮ್ಮಿ ಜೋಡಿಸಿ ಮನೆ ಕಟ್ಟುವುದು, ಒಂದೂ ಮೊಳೆ ಇಲ್ಲದೆ ಬಾಗಿಲು ಮಾಡುವುದು, ಇದೆಲ್ಲ ಅವಳಿಗೆ ಪ್ರಾಣ.

ಆದರೆ ಆ ಮನೆ ನಿಂತಿರುವುದು ಅಮೆರಿಕದ ಕ್ಯಾನ್ಸಸ್‌ನಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಓಸೇಜ್ ಜನರ ನೆಲದ ಮೇಲೆ. ಇಂಡಿಯನ್ನರು (ಅಂದರೆ ಅಮೆರಿಕದ ಮೂಲನಿವಾಸಿಗಳು) ಸತ್ತರೇ ಒಳ್ಳೆಯದು ಅನ್ನೋ ಅರ್ಥದ ಮಾತು ನೆರೆಯವಳ ಬಾಯಲ್ಲಿ ಬರುತ್ತದೆ. ಆ ಸಾಲು ಹಾರಿಸಿದೆ. ಮರುದಿನ ಮಗಳೇ ಕೇಳಿದಳು, ‘ಅದು ಅವರ ಜಾಗ ಅಲ್ವಾ ಅಮ್ಮ? ಲಾರಾಳ ಅಮ್ಮನಿಗೆ ಅವರನ್ನ ಕಂಡ್ರೆ ಯಾಕೆ ಆಗಲ್ಲ?’ ವಿವರಿಸಲು ಹೋದೆ, ಅತ್ತುಬಿಟ್ಟಳು. ಜೊತೆಗೆ ಇನ್ನೊಂದು ಮೂಲನಿವಾಸಿ ಸಮುದಾಯವಾದ ಓಜಿಬ್ವೆಯ ಹುಡುಗಿಯ ಕಥೆ ‘ದ ಬರ್ಚ್‌ಬಾರ್ಕ್ ಹೌಸ್’ ಕೂಡ ತಂದಿಟ್ಟಿದ್ದೇನೆ.

ಈ ವಯಸ್ಸಿಗೆ ಅಂಥ ಸಾಲುಗಳನ್ನು ಹಾಗೇ ಓದಿ ಮಾತಾಡಬೇಕಾ, ಇಲ್ಲಾ ಪುಸ್ತಕವನ್ನೇ 11–12 ವರ್ಷಕ್ಕೆ ಎತ್ತಿಡಬೇಕಾ? ಮಕ್ಕಳಿಗೆ ಓದಿದವರು ಏನು ಮಾಡಿದಿರಿ?