ಎಸ್‌ಡಿಎಂಸಿ ಬಗ್ಗೆ ಕೇಳ್ರಿ: ನಿವೃತ್ತ ಬಿಇಒ ಸರ್ ಜೋಡಿ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ಶರಣು. ನಮ್ಮ ಗ್ರೂಪಿನ ನಿವೃತ್ತ ಕ್ಷೇತ್ರ ಶಿಕ್ಷಣಾಧಿಕಾರಿಗಳು ಇವತ್ತು ಸರಕಾರಿ ಪ್ರಾಥಮಿಕ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಬಗ್ಗೆ ಉತ್ತರ ಕೊಡ್ತಾರ. ಒಬ್ಬರಿಗೆ ಒಂದೇ ಪ್ರಶ್ನೆ. ಗುಡ್ ನೈಟ್ ಫೋಟೊ ಬ್ಯಾಡ್ರಿ.

ಜೇವರ್ಗಿ ಪಾಲಕ: ಸರ್, ಸಮಿತಿಯೊಳಗ ಎಷ್ಟ್ ಮಂದಿ ಇರ್ಬೇಕ್ರಿ? ನಮ್ಮೂರ ಹಿರ್ಯಾರು ಒಂಬತ್ತು ಅಂತಾರ.

ಬಿಇಒ ಸರ್: ಒಂಬತ್ತು ಅನ್ನೋದು 2001ರ ಆದೇಶದ ಲೆಕ್ಕ. ಅದಕ್ಕಿಂತ ಮೊದಲು ಗ್ರಾಮ ಶಿಕ್ಷಣ ಸಮಿತಿ ಇತ್ತು. ರಾಜಾ ರಾಮಣ್ಣ ಅವರ ಕಾರ್ಯಪಡೆ ಹೇಳಿದ ಮ್ಯಾಲ ಎಸ್‌ಡಿಎಂಸಿ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ ಆದ ಮ್ಯಾಲ ಪಾಲಕ ಸದಸ್ಯರು 18. ಕಾಯ್ದೆಯ 21ನೇ ಕಲಮಿನ ಪ್ರಕಾರ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧ ಹೆಣ್ಮಕ್ಕಳು. ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ, ಅಷ್ಟೇ. ಅಧ್ಯಕ್ಷರು ಪಾಲಕರೊಳಗಿಂದ ಬರಬೇಕು.

ಚಿಂಚೋಳಿ ಸದಸ್ಯ: ಅವಧಿ ಎಷ್ಟ್ರಿ ಸರ್?

ಬಿಇಒ ಸರ್: 3 ವರ್ಷ. ಮಗು ಆ ಶಾಲೆ ಬಿಟ್ಟು ಹೋದ್ರ ಪಾಲಕರ ಸದಸ್ಯತ್ವವೂ ಹೋತು.

ಔರಾದ್ ಪಾಲಕ: ನಮ್ದು ಗಡಿ ಹಳ್ಳಿ, ಮರಾಠಿ ಮಾಧ್ಯಮ. ಸಭೆ ನೋಟಿಸ್ ಕನ್ನಡದಾಗ ಬರ್ತದ, ಅರ್ಧ ಮಂದಿಗೆ ಓದ್ಲಾಕ ಬರಲ್ಲ. ಮರಾಠಿಯೊಳಗ ಕೇಳಬಹುದಾ ಸರ್?

ಅಫಜಲಪುರ ಸದಸ್ಯ: (ಫಾರ್ವರ್ಡ್) ಬ್ರೇಕಿಂಗ್!! ಸರಕಾರದ ಹೊಸ ಆದೇಶ. ಇನ್ಮುಂದೆ ಪ್ರತಿ ಪಾಲಕರು ಎಸ್‌ಡಿಎಂಸಿಗೆ ತಿಂಗಳಿಗೆ 100 ರೂ. ಕಡ್ಡಾಯ. ಎಲ್ಲಾ ಗ್ರೂಪಿಗೂ ಕಳಿಸಿ.

ಬಿಇಒ ಸರ್: ಇದು ಹಳೇ ಸರಕು. 2022ರ ಅಕ್ಟೋಬರದಾಗ ಇಲಾಖೆ ಒಂದು ಸುತ್ತೋಲೆ ಹೊರಡಿಸಿತ್ತು, ಪಾಲಕರಿಂದ ತಿಂಗಳಿಗೆ 100 ರೂ. ದೇಣಿಗೆ ತಗೋಬಹುದು ಅಂತ. ಅದರಾಗೂ 'ಸ್ವಇಚ್ಛೆಯಿಂದ' ಅಂತಿತ್ತು. ಗದ್ದಲ ಆತು, ಕೆಲವೇ ದಿನದಾಗ ವಾಪಸ್ ತಗೊಂಡ್ರು. ಕಡ್ಡಾಯ ಅನ್ನೋ ಮಾತು ಯಾವ ಕಾಲಕ್ಕೂ ಇರಲಿಲ್ಲ. ಕಳಿಸೋಕಿಂತ ಮೊದಲು ತಾರೀಖು ನೋಡ್ರಿ.

ಕಮಲಾಪುರ ಪಾಲಕ: ಟಿಸಿ ಕೊಡಲಾಕ 500 ಕೇಳ್ಲತ್ತಾರ ಸರ್. ಸಮಿತಿ ಠರಾವ್ ಮಾಡ್ಯಾದಂತ.

ಬಿಇಒ ಸರ್: ಅಂಥ ಠರಾವಿಗೆ ಕಿಮ್ಮತ್ತಿಲ್ಲ. ಕಾಯ್ದೆಯ 5ನೇ ಕಲಮು: ಟಿಸಿ ತಕ್ಷಣ ಕೊಡಬೇಕು. ತಡ ಆತಂತ ಮುಂದಿನ ಶಾಲೆಯವರು ಪ್ರವೇಶ ನಿರಾಕರಿಸೋ ಹಂಗಿಲ್ಲ. ಒಂದು ಪೈಸೆ ಕೊಡಬ್ಯಾಡ್ರಿ.

ಸುರಪುರ ತಾಲ್ಲೂಕಿನ ತಾಯಿ: ನಮಸ್ಕಾರ್ರಿ ಸರ್. ನನಗ ಅಧ್ಯಕ್ಷಿ ಮಾಡ್ಯಾರ. ಮೀಟಿಂಗಿಗೆ ನಮ್ಮ ಮನಿಯವ್ರೇ ಹೋಗ್ತಾರ. ಠರಾವ್ ಬುಕ್ ಮನಿಗೆ ಬರ್ತದ, ಸಹಿ ಮಾಡ್ತೀನಿ. ಈ ಸಲ ಹಾಳಿ ಖಾಲಿ ಇತ್ತು, ಚೆಕ್ಕಿನ ಮ್ಯಾಲೂ ಏನೂ ಬರ್ದಿದ್ದಿಲ್ಲ. 'ಮಾರ್ಚ್ ಬಂತು, ರೊಕ್ಕ ವಾಪಸ್ ಹೋಗ್ತದ' ಅಂದ್ರು, ಮಾಡ್ದೆ. ನನ್ನ ಮಗಳು ಕುಂಡ್ರೋ ನಲಿ-ಕಲಿ (ಸಣ್ಣ ಕ್ಲಾಸಿನ ಮಕ್ಕಳ) ಖೋಲಿ ಛತ್ತು ಉದುರ್ಲತ್ತದ್ರಿ. ಅದಕ್ಕೇ ರೊಕ್ಕ ಅಂದಿದ್ರು, ಏನೂ ಮಾಡ್ಸಿಲ್ಲ. ನಾ ಕೇಳಿದ್ರ ತಪ್ಪಾಗ್ತದೇನ್ರಿ?

ಬಿಇಒ ಸರ್: ತಪ್ಪಲ್ಲವ್ವ. ಅನುದಾನ ಎಲ್ಲಿ ಖರ್ಚಾತು ಅಂತ ನೋಡೋದು ಕಾಯ್ದೆಯೇ ಸಮಿತಿಗೆ ಕೊಟ್ಟ ಕೆಲಸ.

ಮೊದಲು ಛತ್ತು, ರೊಕ್ಕ ಆಮ್ಯಾಲ. ನಾಳೆ ಪ್ರಾರ್ಥನೆಗಿಂತ ಮುಂಚೆ ಹೋಗಿ ಆ ಖೋಲಿಗೆ ಕೀಲಿ ಹಾಕಸ್ರಿ. ಮಕ್ಕಳು ಬ್ಯಾರೆ ಖೋಲಿಯೊಳಗ ಇಕ್ಕಟ್ಟಾಗಿ ಕುಂತರೂ ಅಡ್ಡಿಯಿಲ್ಲ, ಸಮುದಾಯ ಭವನ ಇದ್ರ ಅಲ್ಲಿ ಕುಂಡ್ರಿಸ್ರಿ. ಅದಕ್ಕ ಮ್ಯಾಲಿನವರ ಆದೇಶ ಬರ್ಲಿ ಅಂತ ಕಾಯೋದು ಬ್ಯಾಡ. ಫೋಟೊ ತಗೊಳ್ರಿ. ಅವತ್ತೇ ಮುಖ್ಯ ಶಿಕ್ಷಕರ ಕಡೆಯಿಂದ ಬಿಇಒ ಕಚೇರಿಗೆ ಪತ್ರ ಹೋಗಬೇಕು, ಒಂದು ಪ್ರತಿ ಗ್ರಾಮ ಪಂಚಾಯತಿ ಪಿಡಿಒಗೆ. ಖೋಲಿ ಕುಂಡ್ರಲಿಕ್ಕೆ ಯೋಗ್ಯ ಅದನೋ ಇಲ್ಲೋ ಅಂತ ಹೇಳಬೇಕಾದವರು ಎಂಜಿನಿಯರು. ಮೇಷ್ಟ್ರೂ ಅಲ್ಲ, ನಿಮ್ಮ ಮನಿಯವ್ರೂ ಅಲ್ಲ.

ಇನ್ನು ರೊಕ್ಕ. ಸಮಗ್ರ ಶಿಕ್ಷಾ ಯೋಜನೆಯ (ಕೇಂದ್ರ, ರಾಜ್ಯ ಕೂಡಿ ನಡಸೋದು) ಶಾಲಾ ಅನುದಾನ 101ರಿಂದ 250 ಮಕ್ಕಳಿದ್ದ ಶಾಲೆಗೆ ಕೇಂದ್ರದ ಲೆಕ್ಕದ ಪ್ರಕಾರ ವರ್ಷಕ್ಕ 50,000 ರೂ. ಅದರಾಗೇ ಕರೆಂಟ್ ಬಿಲ್, ನೀರು, ಕಲಿಕಾ ಸಾಮಾನು, ಸಣ್ಣಪುಟ್ಟ ದುರಸ್ತಿ. ಹತ್ತರಾಗ ಒಂದು ಪಾಲು ಸ್ವಚ್ಛತೆಗೆ. ಛತ್ತಿನಂಥ ದೊಡ್ಡ ಕೆಲಸ ಇದರಾಗ ಆಗೋದಿಲ್ಲ, ಅದಕ್ಕ ಜಿಲ್ಲಾ ಪಂಚಾಯತಿ ಇಲ್ಲಾ ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ಕಡೆ ಪ್ರಸ್ತಾವ ಹೋಗಬೇಕು. 'ಛತ್ತಿಗೆ ರೊಕ್ಕ' ಅಂದವರಿಗೆ ಎಸ್ಟಿಮೇಟ್ ಎಲ್ಲದ ಅಂತ ಕೇಳ್ರಿ. ಇಲ್ಲಂದ್ರ ಅಲ್ಲೇ ಗೊತ್ತಾಗ್ತದ.

ಚೆಕ್ಕಿನ ವಿಷಯ ನನಗ ಭಾಳ ಕಾಡ್ಲತ್ತದ. ಬ್ಯಾಂಕಿಗೆ ನೀವೇ ಹೋಗ್ರಿ. ಚೆಕ್ ಇನ್ನೂ ಪಾಸಾಗಿಲ್ಲಂದ್ರ ನಂಬರ್ ಹಿಡಿದು ಪಾವತಿ ನಿಲ್ಲಸ್ರಿ ಅಂತ ಅರ್ಜಿ ಕೊಡ್ರಿ. ಪಾಸಾಗಿದ್ರ ಯಾರ ಹೆಸರಿಗೆ, ಎಷ್ಟು, ಯಾವ ತಾರೀಖು ಅಂತ ಬರಕೊಂಡು ಬರ್ರಿ, ಮುಂದಿನ ಸಭೆಯೊಳಗ ಅದರ ಬಿಲ್ಲು ಕೇಳ್ರಿ. ಜಂಟಿ ಖಾತೆಯೊಳಗ ನಿಮ್ಮ ಸಹಿ ಅಂದ್ರ ಹೊಣೆಯೂ ನಿಮ್ದೇ. ಆಡಿಟ್‌ಗೆ ಬಂದವರು 'ಮನಿಯವ್ರು ಹೇಳಿದ್ರು' ಅನ್ನೋದನ್ನ ಬರಕೊಳ್ಳೋದಿಲ್ಲ.

ಮುಂದಿನ ಸಭೆಯೊಳಗ ಅಧ್ಯಕ್ಷರ ಕುರ್ಚಿ ಮ್ಯಾಲ ನೀವೇ ಕುಂಡ್ರಬೇಕು. ಮನಿಯವ್ರು ಸದಸ್ಯರಲ್ಲಂದ್ರ ಅವರು ಹೊರಗ. ಠರಾವು ಜೋರಾಗಿ ಓದಿಸಿ, ಕೊನೇ ಸಾಲಿನ ಕೆಳಗ ಅಡ್ಡಗೆರೆ ಹಾಕಿಸಿ ಆಮ್ಯಾಲ ಸಹಿ. ಖಾಲಿ ಹಾಳಿಗೆ ಇನ್ನೊಮ್ಮೆ ಸಹಿ ಮಾಡಬ್ಯಾಡ್ರಿ, ಯಾರೇ ಹೇಳಲಿ.

ಸೇಡಂ ಶಿಕ್ಷಕ: ಸರ್, ನೀವೇ ಹಿಂಗ ಹೇಳಿದ್ರ ಎಲ್ಲಾ ಹೆಡ್‌ಮಾಸ್ಟರೂ ಕಳ್ಳರು ಅಂತ ತಿಳ್ಕೊಳ್ಳಲ್ಲೇನ್ರಿ ಮಂದಿ? ಬಿಸಿಯೂಟ 2002ರಾಗ ಮೊದಲು ಶುರುವಾಗಿದ್ದೇ ನಮ್ಮ ಕಡಿ ಜಿಲ್ಲಾದಾಗ. ಅವತ್ತಿಂದ ಮೇಷ್ಟ್ರೇ ಅಕ್ಕಿ, ಬ್ಯಾಳಿ, ಎಣ್ಣಿ ಲೆಕ್ಕ ಬರೀಲತ್ತೀವಿ. ಈಗ ಹಾಲು, ಮೊಟ್ಟಿ, ಶೂ, ಎಸ್‌ಎಟಿಎಸ್ (ಮಕ್ಕಳ ಮಾಹಿತಿಯ ಆನ್‌ಲೈನ್ ದಾಖಲೆ) ಎಂಟ್ರಿ. ಪಾಠ ಯಾವಾಗ ಮಾಡ್ಬೇಕು?

ಜೇವರ್ಗಿ ಪಾಲಕ: ಲೆಕ್ಕ ಬರೀತೀರಿ ಖರೆ. ಊಟದ ರುಚಿ ನೋಡೋ ರಿಜಿಸ್ಟರ್ ತೆಗೀರಿ ಸರ್, ವಾರದ ಸಹಿ ಎಲ್ಲಾ ಒಂದೇ ಪೆನ್ನಿಂದು.

ಸೇಡಂ ಶಿಕ್ಷಕ: ನೀವ್ ಬಂದು ನೋಡೀರೇನು? ನಿಮ್ಮ ಮಗ ಯಾವ ಸಾಲಿಗೆ ಹೋಗ್ತಾನ ಅದ್ ಹೇಳ್ರಿ ಮೊದಲು.

ಜೇವರ್ಗಿ ಪಾಲಕ: ಅದು ಇಲ್ಲಿ ಯಾಕ ಬೇಕು?

ಸೇಡಂ ಶಿಕ್ಷಕ: ಕಾನ್ವೆಂಟ್ ಬಸ್ಸು ಮನಿ ಮುಂದ ಬರ್ತದಲ್ಲ, ಅದಕ್ಕ ಕೇಳ್ದೆ.

ಜೇವರ್ಗಿ ಪಾಲಕ: ಸಣ್ಣಾಕಿ ಸರಕಾರಿ ಸಾಲಿಯೊಳಗೇ ಅದಾಳ. ದೊಡ್ಡಾವನ್ನ ಯಾಕ ತಗದ್ವಿ ಗೊತ್ತೇನು? ಐದು ಕ್ಲಾಸಿಗೆ ಇಬ್ಬರು ಮೇಷ್ಟ್ರು, ಅದರಾಗ ಒಬ್ಬರು ದಿನಾ ತಾಲ್ಲೂಕ ಆಫೀಸಿಗೆ.

ಸೇಡಂ ಶಿಕ್ಷಕ: ನಾವೇನು ಖುಷಿಲೆ ಹೋಗ್ತೀವಾ? ಕರೀತಾರ, ಹೋಗ್ತೀವಿ.

ಬಿಇಒ ಸರ್: ಇಬ್ಬರೂ ನಿಲ್ಲಸ್ರಿ. 27ನೇ ಕಲಮಿನ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬ್ಯಾರೆ ಕೆಲಸಕ್ಕ ಶಿಕ್ಷಕರನ್ನ ಹಚ್ಚಬಾರದು. ಆ ತಕರಾರು ಸಮಿತಿ ಠರಾವಿನಾಗ ಬರದು ಮ್ಯಾಲ ಕಳಿಸಿದ್ರ ಶಿಕ್ಷಕರಿಗೂ ಬಲ ಬರ್ತದ. ನೀವಿಬ್ಬರೂ ಕೂಡಿ ಮಾಡಬೇಕಾದ ಕೆಲಸ ಅದು.

ಅಫಜಲಪುರ ಸದಸ್ಯ: (ಫಾರ್ವರ್ಡ್) ನಿಮಗಿದು ಗೊತ್ತೇ? ಎಸ್‌ಡಿಎಂಸಿ ಅಧ್ಯಕ್ಷರು ತಡವಾಗಿ ಬಂದ ಶಿಕ್ಷಕರನ್ನು ಸ್ಥಳದಲ್ಲೇ ಸಸ್ಪೆಂಡ್ ಮಾಡಬಹುದು!

ಬಿಇಒ ಸರ್: ಮಾಡಲಾಕ ಬರಲ್ಲ. ಹಾಜರಾತಿ ನೋಡಬಹುದು, ಠರಾವು ಬರೀಬಹುದು, ಬಿಇಒಗೆ ದೂರು ಕೊಡಬಹುದು. ಸಸ್ಪೆಂಡು, ವರ್ಗಾವಣೆ, ಪಗಾರ ಹಿಡಿಯೋದು ಸಮಿತಿ ಕೈಯಾಗಿಲ್ಲ. ಇಂಥಾದ್ದು ಓದಿ ಯಾರರ ಹುಡುಗರು ಸಾಲಿಗೆ ನುಗ್ಗಿ ಮೇಷ್ಟ್ರ ಕೊರಳಪಟ್ಟಿ ಹಿಡಿದ್ರ ಪೊಲೀಸ್ ಠಾಣೆಗೆ ಹೋಗೋರು ಅವರೇ, ಫಾರ್ವರ್ಡ್ ಮಾಡಿದವರಲ್ಲ. ಅಡ್ಮಿನ್, ಇವರನ್ನ ಸ್ವಲ್ಪ ನೋಡ್ರಿ.

ಅಫಜಲಪುರ ಸದಸ್ಯ: ಬಂದದ್ದು ಕಳಿಸೀನಿ, ಅದಕ್ಕಿಷ್ಟ್ಯಾಕ ಸಿಟ್ಟು?

ಶಹಾಪುರ ಪಾಲಕ: ಸರ್, ನಮ್ಮ ಸಮಿತಿಯೊಳಗಿನ ಅರ್ಧ ಮಂದಿ ಪುಣೆ, ಬೆಂಗಳೂರಿಗೆ ದುಡಿಲಾಕ ಹೋಗ್ಯಾರ. ಉಗಾದಿಗೇ ಬರೋದು. ಕೋರಂ ಹ್ಯಾಂಗ್ ಮಾಡ್ಬೇಕ್ರಿ?

ಆಳಂದ ಸದಸ್ಯ: ಎಸ್‌ಡಿಎಂಸಿ ಅವಧಿ ಎಷ್ಟು ವರ್ಷ ಸರ್?

ಬಿಇಒ ಸರ್: ಮ್ಯಾಲ ಅದ.

ಭಾಲ್ಕಿ ಸದಸ್ಯ: ಶಾಸಕರ ಪತ್ರ ತಂದ್ರ ನೇರ ಅಧ್ಯಕ್ಷ ಆಗಬಹುದಾ ಸರ್?

ಬಿಇಒ ಸರ್: ಇಲ್ಲ. ಪಾಲಕರ ಸಭೆ ಕರೀರಿ, ಆಯ್ಕೆ ಮಾಡ್ರಿ.

ಭಾಲ್ಕಿ ಸದಸ್ಯ: ಎಲ್ಲಾ ಕಡಿ ಹಂಗೇ ನಡೀಲತ್ತದಲ್ರಿ.

ಬಿಇಒ ಸರ್: ನಡೀತದ ಅಂತ ನನಗೂ ಗೊತ್ತದ. ನೀವು ಕೇಳಿದ್ದು ಆಗಬಹುದಾ ಅಂತ.

ಚಿತ್ತಾಪುರ ಪಾಲಕ: ಖಾಸಗಿ ಸಾಲಿಯೊಳಗೂ ಎಸ್‌ಡಿಎಂಸಿ ಬೇಕಲ್ರಿ? ಫೀಸು ಕೇಳೋರೇ ಇಲ್ಲ.

ಬಿಇಒ ಸರ್: ಅನುದಾನರಹಿತ ಶಾಲೆಗೆ 21ನೇ ಕಲಮು ಅನ್ವಯಿಸೋದಿಲ್ಲ.

ಆಳಂದ ಸದಸ್ಯ: ಮ್ಯಾಲ ಎಲ್ಲಿ ಅದ ಸರ್? ಸಿಗವಲ್ದು.

ಅಡ್ಮಿನ್: ಅಣ್ಣಾ 3 ವರ್ಷ. 3. ಇನ್ನ ಯಾರೂ ಕೇಳಬ್ಯಾಡ್ರಿ.

ಸುರಪುರ ತಾಲ್ಲೂಕಿನ ತಾಯಿ: (ಮರುದಿನ) ಸರ್, ಖೋಲಿಗೆ ಕೀಲಿ ಹಾಕ್ಸೀವ್ರಿ. ಪಾಸ್‌ಬುಕ್ ಮಾತ್ರ ಕೊಡವಲ್ರು. ಮನ್ಯಾಗೂ ಸಿಟ್ಟಾಗ್ಯಾರ.

ಬಿಇಒ ಸರ್: ಪಾಸ್‌ಬುಕ್ ಇಲ್ದಿದ್ರೂ ನಡೀತದ. ಆಧಾರ್ ಕಾರ್ಡು, ನೀವು ಅಧ್ಯಕ್ಷರಾದ ಠರಾವಿನ ನಕಲು ತಗೊಂಡು ಬ್ಯಾಂಕಿಗೆ ಹೋಗಿ ಸ್ಟೇಟ್‌ಮೆಂಟ್‌ಗೆ ಅರ್ಜಿ ಕೊಡ್ರಿ. ಒಬ್ಬರೇ ಹೋಗಬ್ಯಾಡ್ರಿ, ಸಮಿತಿಯೊಳಗಿನ ಇಬ್ಬರು ಹೆಣ್ಮಕ್ಕಳನ್ನ ಕರಕೊಳ್ರಿ. ಅಲ್ಲಿಂದ ಹಂಗೇ ಬಿಇಒ ಕಚೇರಿಗೆ ಹೋಗ್ರಿ. ಅರ್ಜಿ ಎರಡು ಪ್ರತಿ ಇರಲಿ, ನಿಮ್ಮ ಪ್ರತಿ ಮ್ಯಾಲ ಸೀಲು, ತಾರೀಖು ಹಾಕಿಸ್ಕೊಳ್ರಿ. ತಗೊಳ್ಳಲಿಲ್ಲಂದ್ರ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ರಿ. ಮನಿಯವ್ರ ನಂಬರ್ ನನಗ ಖಾಸಗಿಯಾಗಿ ಕಳಸ್ರಿ, ನಾ ಮಾತಾಡ್ತೀನಿ.