ಸಾಲಿಗೊಬ್ಬ ಪೊಲೀಸಪ್ಪ: ಕೇಳಾಕ ಬರ್ತೈತೇನು, ದುಡ್ಡು ಯಾರು ಕೊಡ್ಬೇಕು?

ಪ್ರಶ್ನೆ: ಎಸ್‌ಡಿಎಂಸಿ ಅಧ್ಯಕ್ಷ, ಕುಷ್ಟಗಿ ತಾಲ್ಲೂಕು

ಎಲ್ಲಾರಿಗೂ ನಮಸ್ಕಾರ್ರಿ. ನಾ ಸಾಲಿ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷ. ನಮ್ದು 1ರಿಂದ 8ರ ಮಟ ಸರ್ಕಾರಿ ಸಾಲಿ, 312 ಮಕ್ಕಳು ಅದಾರ. ಹೆದ್ದಾರಿ ಮಗ್ಗಲಕ್ಕೇ ಐತಿ. ಮೂರು ತ್ರಾಸು ಅದಾವ. ಸಂಜಿಮುಂದ ಸಾಲಿ ಬಿಡೂ ಹೊತ್ತಿಗೆ ಬೈಕಿನ ಹುಡುಗ್ರು ಗೇಟಿನ ಮುಂದ ನಿಂತು ಹೆಣ್ಣುಮಕ್ಕಳ ಹಿಂದ ಹೋಗ್ತಾರ. ಎದುರಿನ ಎರಡು ಡಬ್ಬಿ ಅಂಗಡ್ಯಾಗ ಮಕ್ಕಳ ಕೈಗೇ ಗುಟ್ಕಾ ಕೊಡ್ತಾರ. ರಾತ್ರಿ ವರಾಂಡದಾಗ ಕುಡದು ಬಾಟ್ಲಿ ಒಡದು ಹೋಗ್ತಾರ. ಅಮೆರಿಕದಾಗ ಸಾಲಿಗೊಬ್ಬ ಪೊಲೀಸ್ ಇರಬೇಕಂತ ಕಾನೂನೇ ಐತಂತ. ನಾವೂ ಒಬ್ಬ ಕಾನ್‌ಸ್ಟೆಬಲ್ ಕಾಯಂ ಕೊಡ್ರಿ ಅಂತ ಠರಾವು ಮಾಡಿ ಕಳಿಸಬಹುದೇನು? ಸಾಲಿ ಅನುದಾನದಾಗ ಪಗಾರ ಕೊಡಾಕ ಬರ್ತೈತೇನು?

ಉತ್ತರ: ನಿವೃತ್ತ ಪಿಎಸ್‌ಐ, ಗಂಗಾವತಿ

ಅಧ್ಯಕ್ಷರೇ, ಠರಾವು ಮಾಡಾಕ ಯಾರೂ ತಡೆಯೋದಿಲ್ಲ. ಆದರೆ ‘ಕಾಯಂ ಕಾನ್‌ಸ್ಟೆಬಲ್’ ಅಂತ ಬರೆದರೆ ಅದು ಠಾಣೆಯಿಂದ ಎಸ್‌ಪಿ ಕಚೇರಿಗೆ, ಅಲ್ಲಿಂದ ವಾಪಸ್ ‘ಸಿಬ್ಬಂದಿ ಕೊರತೆ’ ಅನ್ನೋ ಒಂದು ಸಾಲಿನ ಉತ್ತರದೊಂದಿಗೆ ಬರುತ್ತದೆ.

ಮೊದಲು ದುಡ್ಡಿನ ಮಾತು. ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನ ದಾಖಲಾತಿ ಮೇಲೆ ಬರ್ತದೆ: 30 ಮಕ್ಕಳವರೆಗೆ 10,000, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000 ರೂಪಾಯಿ. ನಿಮ್ಮ 312 ಮಕ್ಕಳಿಗೆ ವರ್ಷಕ್ಕೆ 75,000. ಅದರಲ್ಲೇ ಸೀಮೆಸುಣ್ಣ, ಕರೆಂಟ್ ಬಿಲ್, ನಲ್ಲಿ ರಿಪೇರಿ. ಹತ್ತನೇ ಒಂದು ಪಾಲು ಸ್ವಚ್ಛತೆಗೆ. ಒಬ್ಬ ಕಾನ್‌ಸ್ಟೆಬಲ್‌ಗೆ ಸಂಬಳ, ಭತ್ಯೆ ಎಲ್ಲ ಸೇರಿ ತಿಂಗಳಿಗೆ 50,000 ಅಂತ ಕಡಿಮೆಯಲ್ಲೇ ಹಿಡಿದರೂ ವರ್ಷಕ್ಕೆ 6 ಲಕ್ಷ. ನಿಮ್ಮ ಇಡೀ ಅನುದಾನದ ಎಂಟು ಪಟ್ಟು. ಅದೂ ಅಲ್ಲದೆ ಆ ಅನುದಾನ ಇರೋದು ನಿರ್ವಹಣೆಗೆ, ಯಾರಿಗೂ ಪಗಾರ ಕೊಡಲಿಕ್ಕಲ್ಲ. ಹಾಗೆ ತೆಗೆದರೆ ಆಡಿಟ್‌ನಲ್ಲಿ ಸಿಕ್ಕಿಬೀಳೋರು ನೀವಷ್ಟೇ ಅಲ್ಲ, ಜಂಟಿ ಖಾತೆಗೆ ಸಹಿ ಹಾಕಿದ ಮುಖ್ಯ ಶಿಕ್ಷಕರೂ.

ರಾಜ್ಯದಲ್ಲಿ ಸರ್ಕಾರಿ ಶಾಲೆ 40 ಸಾವಿರಕ್ಕೂ ಹೆಚ್ಚು. ಶಾಲೆಗೊಬ್ಬರು ಅಂದರೆ ಇದೇ ಲೆಕ್ಕದಲ್ಲಿ ವರ್ಷಕ್ಕೆ 2,400 ಕೋಟಿ. ಅಷ್ಟು ಕೊಟ್ಟರೂ ಆ ಮನುಷ್ಯ ಗೇಟಿನಲ್ಲಿ ಇರ್ತಾನೆ ಅನ್ನೋ ಖಾತ್ರಿ ಇಲ್ಲ. ವಾರದ ರಜೆ, ಕೋರ್ಟ್ ಡ್ಯೂಟಿ ಇದ್ದದ್ದೇ. ಗವಿಮಠದ ಜಾತ್ರೆ, ಅಂಜನಾದ್ರಿಯ ಹನುಮಮಾಲೆ ಬಂತೆಂದರೆ ಮೊದಲು ಬಂದೋಬಸ್ತ್‌ಗೆ ಎಳೆಯೋದು ಇಂಥ ‘ಹಗುರ ಡ್ಯೂಟಿ’ಯವರನ್ನೇ. ಗೃಹರಕ್ಷಕರನ್ನು ಪಡೆಯಬಹುದು, ಆದರೆ ದಿನಭತ್ಯೆಯನ್ನು ಕೇಳಿದ ಇಲಾಖೆಯೇ ಕಟ್ಟಬೇಕು; ಎಸ್‌ಡಿಎಂಸಿ ಕೈಯಲ್ಲಿ ಆಗೋ ಕೆಲಸವಲ್ಲ.

ಈಗ ನಿಮ್ಮ ತ್ರಾಸು ನೋಡ್ರಿ. ಮೊದಲನೆಯದಕ್ಕೆ ಪೊಲೀಸ್ ಬೇಕಿರೋದು ದಿನಕ್ಕೆ ಮುಕ್ಕಾಲು ತಾಸು: ಬಿಡುವ ಗಂಟೆಗೆ 15 ನಿಮಿಷ ಮುಂಚೆ, ಬಿಟ್ಟ ಮೇಲೆ ಅರ್ಧ ತಾಸು. ಎರಡನೆಯದಕ್ಕೆ ಒಂದು ದಾಳಿ, ಆಮೇಲೆ ತಿಂಗಳಿಗೊಮ್ಮೆ ಕಣ್ಣು. ಮೂರನೆಯದಕ್ಕೆ ಬೇಕಿರೋದು ಗ್ರಿಲ್ ಗೇಟು, ಎರಡು ಲೈಟು, ರಾತ್ರಿ ಗಸ್ತಿನ ಒಂದು ಪಾಯಿಂಟ್. ಕೇಳೋದನ್ನು ಹೀಗೆ ಒಡೆದು ಕೇಳಿದರೆ ಪಿಎಸ್‌ಐ ತಮ್ಮ ಹಂತದಲ್ಲೇ ಕೊಡಬಹುದು, ಯಾರ ಮಂಜೂರಾತಿಯೂ ಬೇಡ.

ಅರ್ಜಿ ಹೀಗಿರಲಿ. ಎಸ್‌ಡಿಎಂಸಿ ಸಭೆಯ ಠರಾವಿನ ಪ್ರತಿ ಮೇಲೆ, ಮುಖ್ಯ ಶಿಕ್ಷಕರ ಪತ್ರ ಕೆಳಗೆ. ಎರಡು ವಾರ ಯಾರಾದರೊಬ್ಬರು ಗೇಟಿನಲ್ಲಿ ನಿಂತು ದಿನಾಂಕ, ಹೊತ್ತು, ಬೈಕ್ ನಂಬರ್ ಬರೆದಿಡಲಿ. ‘ಪುಂಡರ ಹಾವಳಿ’ ಅಂತ ಬರೆದರೆ ಅದು ಪೇಪರ್ ಸುದ್ದಿ. ಬೈಕ್ ನಂಬರ್ ಬರೆದರೆ ಕೆಲಸ. ಆ ಹುಡುಗರಲ್ಲಿ ಅರ್ಧದಷ್ಟಾದರೂ 18 ತುಂಬದವರೇ ಇರ್ತಾರೆ. ಮೋಟಾರು ವಾಹನ ಕಾಯ್ದೆಯ 199ಎ ಪ್ರಕಾರ ಬೈಕಿನ ಮಾಲೀಕರಿಗೋ ಪಾಲಕರಿಗೋ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಊರಲ್ಲಿ ಒಬ್ಬ ಅಪ್ಪನಿಗೆ 25,000 ಬಿದ್ದರೆ ಗೇಟು ತಾನೇ ಖಾಲಿ ಆಗ್ತದೆ.

ಪತ್ರದಲ್ಲಿ ಮೂರೇ ಕೋರಿಕೆ: ಶಾಲೆಯನ್ನು ಬೀಟ್‌ನ (ಪೊಲೀಸ್ ಗಸ್ತಿನ) ಪಾಯಿಂಟ್ ಮಾಡಿ, ಗಸ್ತಿನವರು ಬಂದು ಸಹಿ ಹಾಕೋ ಪಾಯಿಂಟ್ ಪುಸ್ತಕ ಇಡಬೇಕು (ಇ-ಬೀಟ್ ಇದ್ದರೆ ಕ್ಯೂಆರ್ ಕೋಡ್), ಬೀಟ್ ಸಿಬ್ಬಂದಿಯ ಹೆಸರು, ನಂಬರ್ ಶಾಲೆಯ ಗೋಡೆ ಮೇಲೆ ಬರೆಸಬೇಕು, ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ತಿಂಗಳಿಗೊಮ್ಮೆ ಶಾಲೆಗೆ ಬರಬೇಕು. ಈ ಅಧಿಕಾರಿ ಹೊಸ ಹುದ್ದೆಯಲ್ಲ. 2015ರ ಬಾಲನ್ಯಾಯ ಕಾಯ್ದೆಯ 107ನೇ ಕಲಮಿನಂತೆ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆ ಇಲ್ಲದ ಒಬ್ಬರು ಇರಲೇಬೇಕು. ನೀವು ಕೇಳ್ತಿರೋ ‘ಶಾಲೆಯ ಪೊಲೀಸ್’ ಕಾನೂನಿನಲ್ಲಿ ಆಗಲೇ ಇದ್ದಾರೆ, ಊರಿಗೆ ಅವರ ಹೆಸರು ಗೊತ್ತಿಲ್ಲ ಅಷ್ಟೆ.

ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೂ ಕೊಡಿ. ಎರಡೂ ಕಡೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ಉತ್ತರ: ವಕೀಲರು, ರಾಯಚೂರು

ಮೇಲಿನವರ ಮಾತಿಗೆ ಒಂದು ಎಚ್ಚರಿಕೆ ಸೇರಿಸ್ತೀನಿ. ಠರಾವಿನಲ್ಲಾಗಲಿ ಪತ್ರದಲ್ಲಾಗಲಿ ಹೆಣ್ಣುಮಕ್ಕಳ ಹೆಸರು, ತರಗತಿ, ಓಣಿ ಯಾವುದೂ ಬೇಡ. ಠರಾವು ಪುಸ್ತಕ ಹತ್ತು ಜನರ ಕೈಗೆ ಹೋಗ್ತದೆ, ಮಗುವಿನ ಗುರುತು ಬಯಲಾದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಬರೆದವರಿಗೇ ಸುತ್ತಿಕೊಳ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕೋದಂತೂ ದೂರದ ಮಾತು.

ಇನ್ನೊಂದು. ‘ಹೆಣ್ಣುಮಕ್ಕಳ ಹಿಂದ ಹೋಗ್ತಾರ’ ಅಂತ ಅಧ್ಯಕ್ಷರು ಹಗುರಾಗಿ ಬರೆದಿದ್ದಾರೆ. 18ರೊಳಗಿನ ಹುಡುಗಿಯನ್ನು ಕೆಟ್ಟ ಉದ್ದೇಶದಿಂದ ಮೇಲಿಂದ ಮೇಲೆ ಹಿಂಬಾಲಿಸೋದು ಪೋಕ್ಸೊ ಕಾಯ್ದೆಯ 11ನೇ ಕಲಮಿನಂತೆ ಲೈಂಗಿಕ ಕಿರುಕುಳ, 12ರಲ್ಲಿ 3 ವರ್ಷದವರೆಗೆ ಶಿಕ್ಷೆ. ಒಬ್ಬ ನಿರ್ದಿಷ್ಟ ಹುಡುಗಿಗೆ ಹೀಗಾಗಿದ್ದು ಗೊತ್ತಾದ ಕೂಡಲೇ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸೋದು ಕಡ್ಡಾಯ. ‘ಮನೆಯವರಿಗೆ ಹೇಳಿ ಬಗೆಹರಿಸಿದೆವು’ ಅಂದರೆ ನಡೆಯೋದಿಲ್ಲ; ತಿಳಿಸದಿದ್ದರೆ 6 ತಿಂಗಳು, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು. ಬೀಟ್ ಕೇಳೋ ಸಾಮಾನ್ಯ ಅರ್ಜಿಯೊಳಗೆ ಇಂಥ ದೂರನ್ನು ಹೂಳಬೇಡಿ. ಬೇರೆಯಾಗಿಯೇ ಕೊಡಿ.

ಡಬ್ಬಿ ಅಂಗಡಿಗೆ ಬರ್ತೀನಿ. ತಂಬಾಕು ನಿಯಂತ್ರಣದ 2003ರ ಕಾಯ್ದೆಯಲ್ಲಿ ಶಾಲೆಯ 100 ಗಜದೊಳಗೆ ಮಾರುವಂತಿಲ್ಲ. 100 ಗಜ ಅಂದರೆ ಸುಮಾರು 91 ಮೀಟರ್. ಎಡವೋದು ಇಲ್ಲೇ: ಅಂಗಡಿಯವರು ಗೇಟಿನಿಂದ ರಸ್ತೆ ಸುತ್ತಿ ಅಳೆದು ‘ನೂರಿಪ್ಪತ್ತಾಯ್ತು’ ಅಂತಾರೆ. ಅಳೆಯಬೇಕಾದ್ದು ಶಾಲೆಯ ಕಾಂಪೌಂಡು ಅಥವಾ ಬೇಲಿಯ ಹೊರಮೈಯಿಂದ, ನೇರವಾಗಿ, ಸುತ್ತಲೂ. ಟೇಪು ಹಿಡಿದು ಪಂಚಾಯಿತಿ ಸಿಬ್ಬಂದಿ ಎದುರೇ ಅಳೆಸಿ, ಪಂಚನಾಮೆ ಬರೆಸಿ. ಅದರ ದಂಡ ಅಂಗಡಿಯವನಿಗೆ ಚಿಲ್ಲರೆ. ಭಯ ಹುಟ್ಟಿಸೋದು ಬಾಲನ್ಯಾಯ ಕಾಯ್ದೆಯ 77: ಮಗುವಿಗೆ ತಂಬಾಕು ಅಥವಾ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷದವರೆಗೆ ದಂಡ. ದೂರಿನಲ್ಲಿ ಎರಡೂ ಕಾಯ್ದೆ ಬರೆಯಿರಿ. ಎರಡನೆಯದನ್ನು ಬರೆಯದಿದ್ದರೆ ದಂಡ ಕಟ್ಟಿ ಮರುದಿನವೇ ಡಬ್ಬಿ ತೆರೀತದೆ.

ಪ್ರತಿಕ್ರಿಯೆ: ಪಾಲಕರು, ಸಿರುಗುಪ್ಪ

ಅಂದ್ರ ಅಮೆರಿಕದವರು ಹುಚ್ಚರೇನ್ರಿ? ಖಾಕಿ ಕಂಡ್ರ ಸಾಕು, ಹುಡುಗ್ರು ಸುಮ್ನಾಗ್ತಾರ. ಅಂಜಿಕಿ ಬೇಕ್ರಿ.

ಉತ್ತರ: ವಕೀಲರು, ರಾಯಚೂರು

ಅಲ್ಲಿಯ ಕಥೆ ನಮ್ಮದಲ್ಲ ಅಣ್ಣಾರ, ಅವರಿಗೆ ಬಂದೂಕಿನ ಕಾಟ. ಇಡೀ ದೇಶಕ್ಕೆ ಒಂದು ಕಾನೂನೂ ಇಲ್ಲ, ರಾಜ್ಯಕ್ಕೊಂದು. ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 2018ರ ಫೆಬ್ರುವರಿ 14ರಂದು 17 ಜನ ಸತ್ತ ಮೇಲೆ, ಅದೇ ಮಾರ್ಚ್‌ನಲ್ಲಿ ಪ್ರತಿ ಸರ್ಕಾರಿ ಶಾಲೆಗೆ ಭದ್ರತಾ ಅಧಿಕಾರಿ ಕಡ್ಡಾಯ ಮಾಡಿದರು. ಪೊಲೀಸರೇ ಆಗಬೇಕಂತಿಲ್ಲ, ತರಬೇತಿ ಪಡೆದ ಶಾಲಾ ಸಿಬ್ಬಂದಿಯೂ ನಡೀತದೆ, ಯಾಕಂದರೆ ಅಷ್ಟು ಪೊಲೀಸರೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಟೆಕ್ಸಾಸ್ 2023ರಲ್ಲಿ ಶಾಲೆಗೊಬ್ಬ ಶಸ್ತ್ರಧಾರಿ ಅಂತ ಕಾಯ್ದೆ ಮಾಡಿ, ಶಾಲೆಗೆ ವರ್ಷಕ್ಕೆ 15,000 ಡಾಲರ್, ಮಗುವಿಗೆ 10 ಡಾಲರ್ ಇಟ್ಟಿತು. ಅಧ್ಯಕ್ಷರ 312 ಮಕ್ಕಳ ಶಾಲೆ ಅಲ್ಲಿದ್ದಿದ್ದರೆ ಆಗ 18,120 ಡಾಲರ್. ಅಲ್ಲಿನ ಒಬ್ಬ ಅಧಿಕಾರಿಯ ಅರ್ಧ ಸಂಬಳಕ್ಕೂ ಸಾಲ್ತಿರಲಿಲ್ಲ. ಎಷ್ಟೋ ಶಾಲಾ ಆಡಳಿತಗಳು ಕಾಯ್ದೆಯಲ್ಲೇ ಇದ್ದ ‘ಸಕಾರಣ ವಿನಾಯಿತಿ’ ಹಿಡಿದು ಬೇರೆ ದಾರಿ ನೋಡಿಕೊಂಡವು. ಕಡ್ಡಾಯ ಮಾಡಿದವರು ಒಬ್ಬರು, ಜೇಬಿಗೆ ಕೈ ಹಾಕಬೇಕಾದವರು ಇನ್ನೊಬ್ಬರು.

ಖಾಕಿಯ ಅಂಜಿಕೆ ಬಗ್ಗೆ: ಪಾರ್ಕ್‌ಲ್ಯಾಂಡ್‌ನಲ್ಲಿ ಶಸ್ತ್ರಧಾರಿ ಪೊಲೀಸ್ ಶಾಲೆಯಲ್ಲೇ ಇದ್ದರು, ಕಟ್ಟಡದ ಹೊರಗೇ ಉಳಿದರು. ಟೆಕ್ಸಾಸ್‌ನ ಉವಾಲ್ಡಿಯಲ್ಲಿ ಶಾಲಾ ಮಂಡಳಿಗೆ ತನ್ನದೇ ಪೊಲೀಸ್ ಪಡೆ ಇತ್ತು. 2022ರ ಮೇ 24ರಂದು 376 ಅಧಿಕಾರಿಗಳು ಬಂದರೂ ಹಂತಕನ ಕೋಣೆಗೆ ನುಗ್ಗಲು 77 ನಿಮಿಷ ಹಿಡಿಯಿತು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು.

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಸಿಂಧನೂರು

ಬೀಟ್ ಪೊಲೀಸರು ಶಾಲೆಗೆ ಬರೋದು ಶುರುವಾದರೆ ಕೆಲವು ಶಿಕ್ಷಕರು ಎಲ್ಲದಕ್ಕೂ ಅವರನ್ನೇ ಕರೆಯೋ ಅಭ್ಯಾಸ ಮಾಡ್ಕೊಳ್ತಾರೆ. ಮೊಬೈಲ್ ಕಳುವಾಯ್ತು, ಇಬ್ಬರು ಹುಡುಗರು ಬಡಿದಾಡಿದರು ಅಂತ. ಅವರು ಬ್ಯಾಗ್ ತಪಾಸಣೆ ಮಾಡಿ, ಹುಡುಗನನ್ನು ಠಾಣೆಗೆ ಕರ್ಕೊಂಡು ಹೋಗಬಹುದಾ?

ಉತ್ತರ: ನಿವೃತ್ತ ಪಿಎಸ್‌ಐ, ಗಂಗಾವತಿ

ಇಲ್ಲ ಅಕ್ಕಾರ. ಶಿಸ್ತು ಶಿಕ್ಷಕರ ಕೆಲಸ, ಅಪರಾಧ ಪೊಲೀಸರ ಕೆಲಸ. ಈ ಗೆರೆ ಅಳಿಸಿದರೆ ಬೀಟ್ ವ್ಯವಸ್ಥೆಯೇ ಕೆಡ್ತದೆ. 15 ವರ್ಷದೊಳಗಿನ ಹುಡುಗನನ್ನಾಗಲಿ, ಯಾವ ವಯಸ್ಸಿನ ಹೆಣ್ಣುಮಗಳನ್ನಾಗಲಿ ಸಾಕ್ಷಿ ವಿಚಾರಣೆಗೆ ಠಾಣೆಗೆ ಕರೆಸುವಂತಿಲ್ಲ, ಅವರಿದ್ದಲ್ಲಿಗೇ ಹೋಗಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಅಪರಾಧ ಪ್ರಕ್ರಿಯೆಯ ಕಾನೂನು) 179ನೇ ಕಲಂ. ಮಗುವಿನ ಮೇಲೇ ಆರೋಪ ಇದ್ದರೂ ಘೋರ ಅಪರಾಧವಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದೂ ಅಲ್ಲದಿದ್ದರೆ ಎಫ್‌ಐಆರ್ ಇಲ್ಲ. ಠಾಣಾ ದಿನಚರಿಯಲ್ಲಿ ಬರೆದು, ಮಗುವಿನ ಸಾಮಾಜಿಕ ಹಿನ್ನೆಲೆ ವರದಿ ಮಾಡಿ ಬಾಲನ್ಯಾಯ ಮಂಡಳಿಗೆ ಕಳಿಸಬೇಕು. ಬೇಡಿ, ಲಾಕಪ್ ಎರಡೂ ನಿಷಿದ್ಧ. ಮಕ್ಕಳ ಕಲ್ಯಾಣ ಅಧಿಕಾರಿ ಮಗುವಿನ ಜೊತೆ ಮಾತಾಡೋವಾಗ ಸಮವಸ್ತ್ರವೂ ಇರಬಾರದು. ಪೋಕ್ಸೊ ಹೇಳಿಕೆಗೂ ಅಷ್ಟೇ: ಸಾಧ್ಯವಾದಷ್ಟು ಮಹಿಳಾ ಎಸ್‌ಐ, ಸಾದಾ ಬಟ್ಟೆ, ಮಗು ಹೇಳಿದ ಜಾಗ.

ಬೀಟ್‌ನವರು ಗೇಟಿನ ಹೊರಗೆ ನಿಲ್ಲಲಿ. ಒಳಗೆ ಬರೋದಾದರೆ ಮುಖ್ಯ ಶಿಕ್ಷಕರ ಕೋಣೆಯವರೆಗೆ, ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿ. ತರಗತಿಯೊಳಗೆ ಪೊಲೀಸರು ಬರಬೇಕೆಂದರೆ ಅದಕ್ಕೆ ಬೇರೆ ದಾರಿ ಇದೆ, ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ. ಕೇರಳದಲ್ಲಿ 2010ರಲ್ಲಿ ಶುರುವಾಗಿ 2018ರ ಜುಲೈನಲ್ಲಿ ದೇಶಕ್ಕೆಲ್ಲ ಬಂತು. 8 ಮತ್ತು 9ನೇ ತರಗತಿಗೆ, ತಿಂಗಳಿಗೆ ಕನಿಷ್ಠ ಒಂದು ಪಾಠ, ಪರೀಕ್ಷೆ ಇಲ್ಲ. ಕೇಂದ್ರ ಗೊತ್ತು ಮಾಡಿದ್ದು ಶಾಲೆಗೆ 50,000 ರೂಪಾಯಿ. ಆ ಮಕ್ಕಳನ್ನು ಗೇಟಿನಲ್ಲಿ ಸೀಟಿ ಕೊಟ್ಟು ನಿಲ್ಲಿಸೋದು ಮಾತ್ರ ಬೇಡ, ಅವರು ಕಲಿಯೋಕೆ ಬಂದವರು.

ಪ್ರಶ್ನೆ: ಎಸ್‌ಡಿಎಂಸಿ ಅಧ್ಯಕ್ಷ, ಕುಷ್ಟಗಿ ತಾಲ್ಲೂಕು

ಭಾಳ ಚಲೋ ಆತ್ರಿ. ಗ್ರಿಲ್ಲು, ಕಾಂಪೌಂಡಿಗೆ ರೊಕ್ಕ ಎಲ್ಲಿಂದ? ಮತ್ತ ಠಾಣ್ಯಾಗ ಅರ್ಜಿ ತಗೊಳ್ಳಲಿಲ್ಲ ಅಂದ್ರ?

ಉತ್ತರ: ಪಿಡಿಒ, ಕೊಪ್ಪಳ ಜಿಲ್ಲೆ

ವರಾಂಡದ ಗ್ರಿಲ್ ಗೇಟು, ಎರಡು ಎಲ್‌ಇಡಿ ಲೈಟು ನಿರ್ವಹಣೆಯ ಲೆಕ್ಕಕ್ಕೇ ಬರ್ತಾವೆ; ನಿಮ್ಮ 75,000ದಲ್ಲಿ ಎಷ್ಟು ಆಗ್ತದೋ ನೋಡಿ, ಉಳಿದದ್ದಕ್ಕೆ ಪಂಚಾಯಿತಿ ಕ್ರಿಯಾಯೋಜನೆಯಲ್ಲಿ ಸೇರಿಸಿ. ಲೈಟನ್ನು ಕೈಗೆಟಕುವ ಎತ್ತರಕ್ಕೆ ಹಾಕಬೇಡಿ, ವಾರದಲ್ಲಿ ಒಡೀತಾರೆ. ಸ್ವಿಚ್ಚು ಕೊಠಡಿ ಒಳಗಿರಲಿ.

ಕಾಂಪೌಂಡು ದೊಡ್ಡ ಕೆಲಸ. ಉದ್ಯೋಗ ಖಾತ್ರಿಯಲ್ಲಿ ಶಾಲಾ ಕಾಂಪೌಂಡ್ ಕಟ್ಟಿದ್ದು ಬೇಕಾದಷ್ಟಿದೆ, ಆದರೆ ಗೋಡೆ ಅಂದರೆ ಸಿಮೆಂಟು, ಕಲ್ಲು ಹೆಚ್ಚು, ಕೂಲಿ ಕಡಿಮೆ. ಕೂಲಿ–ಸಾಮಗ್ರಿಯ 60:40 ಲೆಕ್ಕದಲ್ಲಿ ಸಿಕ್ಕಿ ನಿಲ್ಲೋದು ಅಲ್ಲೇ. ಅದಕ್ಕೆ ಶಾಸಕರ ಮೂಲಕ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೂ ಪ್ರಸ್ತಾವ ಹಾಕಿ. ಅದು ಕಾಮಗಾರಿಗೆ ದುಡ್ಡು ಕೊಡೋ ಮಂಡಳಿ. ಕಾವಲುಗಾರನ ಪಗಾರ ಅಂತ ಬರೆದರೆ ಫೈಲು ಅಲ್ಲೇ ಕೂಡ್ತದೆ. ಜಾಗದ ಉತಾರ ಶಾಲೆಯ ಹೆಸರಿನಲ್ಲಿದೆಯೋ ಇಲ್ಲವೋ ಮೊದಲು ನೋಡಿಕೊಳ್ಳಿ. ದಾನಿಗಳು ಬಾಯಿಮಾತಿನಲ್ಲಿ ಕೊಟ್ಟ ಜಾಗ ಎಷ್ಟೋ ಕಡೆ ಇನ್ನೂ ಅವರ ಹೆಸರಿನಲ್ಲೇ ಇರ್ತದೆ, ಎಸ್ಟಿಮೇಟ್ ಮುಂದೆ ಹೋಗೋದಿಲ್ಲ.

ಅರ್ಜಿ ತಗೊಳ್ಳದಿದ್ದರೆ ಜಗಳ ಬೇಡ, ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿ. ಗೇಟಿನ ಮುಂದೆ ತ್ರಾಸು ನಡೀತಿರುವಾಗಲೇ 112ಕ್ಕೆ ಫೋನ್ ಮಾಡಿ, ಆ ಕರೆ ದಾಖಲಾಗ್ತದೆ. ಮುಂದಿನ ಅರ್ಜಿಯಲ್ಲಿ ಕರೆ ಮಾಡಿದ ದಿನಾಂಕ, ಹೊತ್ತು ಬರೆಯಿರಿ. ಮಕ್ಕಳೇ ಹೇಳೋದಾದರೆ 1098. ನಮ್ಮಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಮಾಡ್ತೀವಲ್ಲ, ಈ ಸಲ ನಿಮ್ಮ ಪಂಚಾಯಿತಿಯಲ್ಲಿ ಬೀಟ್ ಸಿಬ್ಬಂದಿಗೂ ನೋಟಿಸ್ ಕೊಡಿಸಿ. ಡಬ್ಬಿ ಅಂಗಡಿ ವಿಷಯ ಮಕ್ಕಳ ಬಾಯಿಂದಲೇ ಬಂದು ನಡಾವಳಿ ಪುಸ್ತಕದಲ್ಲಿ ಕೂತರೆ, ನನ್ನಂಥ ಪಿಡಿಒ ನೋಟಿಸ್ ಹೊರಡಿಸದೆ ಇರಾಕ ಬರೋದಿಲ್ಲ.